ಹುಳುವಿಗೊಂದು ನೆಲೆ ಬೇಡವೇ?

ಕೀಟದ ಚಿತ್ರ ಹೇಗಿರಬೇಕು ಎಂಬ ವಿಷಯದಲ್ಲಿ ನಮ್ಮ ನಿಸರ್ಗ ಛಾಯಾಗ್ರಾಹಕರ ನಡುವೆ ಈಗ ಹೆಚ್ಚು ತಕರಾರು ಉಳಿದಿಲ್ಲ. ಹುಳು ಚೌಕಟ್ಟನ್ನು ತುಂಬಿರಬೇಕು. ಮೀಸೆಯ ತುದಿಯಿಂದ ಹಿಂಗಾಲಿನ ಉಗುರಿನವರೆಗೆ ಒಂದೊಂದು ರೋಮವೂ ಚೂಪಾಗಿ ಮೂಡಿರಬೇಕು. ಹಿಂದೆ ಏನೂ ಕಾಣಬಾರದು, ಕಂಡರೂ ಅದು ಕಣ್ಣಿಗೆ ಅಡ್ಡ ಬಾರದ ಹಸಿರು ಮಸುಕೋ ಅಚ್ಚ ಕಪ್ಪೋ ಆಗಿರಬೇಕು. ಕ್ಯಾಮೆರಾ ಕ್ಲಬ್ಬುಗಳ ಸ್ಪರ್ಧೆಯಲ್ಲಿ, ಸಲೋನ್‌ಗಳ ತೀರ್ಪಿನಲ್ಲಿ, ಪತ್ರಿಕೆಗಳ ಬಣ್ಣದ ಪುಟದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಗೆಲ್ಲುವುದು ಇಂಥ ಚಿತ್ರವೇ. ಇದರ ಹಿಂದೆ ಒಂದು ನಂಬಿಕೆ ಇದೆ: ಎಷ್ಟು ಹತ್ತಿರ ಹೋದರೆ ಅಷ್ಟು ನಿಜ ಸಿಗುತ್ತದೆ, ಬರಿಗಣ್ಣಿಗೆ ಕಾಣದ್ದನ್ನು ಹಿಗ್ಗಿಸಿ ತೋರಿಸಿದಷ್ಟೂ ಆ ಜೀವಿಯನ್ನು ಹೆಚ್ಚು ಅರಿತಂತೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಸಣ್ಣ ಜೀವಿಯ ವಿಷಯದಲ್ಲಿ ಅದರ ಗಾತ್ರ, ಅದು ಕೂತ ಎಲೆ, ಅದರ ನೆರೆಹೊರೆ, ಅದು ಕಾಣಸಿಕ್ಕ ಹೊತ್ತು ಇವೆಲ್ಲ ಆ ಜೀವಿಯ ಸಂಗತಿಯೇ ಹೊರತು ಅದರ ಸುತ್ತಲಿನ ಅಲಂಕಾರವಲ್ಲ. ಇವನ್ನು ಒಂದೊಂದಾಗಿ ಕಿತ್ತುಹಾಕಿ ಉಳಿದ ದೇಹವನ್ನು ಹಿಗ್ಗಿಸುವ ಅಳತೆಗೋಲು ನಮಗೆ ಕೊಡುತ್ತಿರುವುದಕ್ಕಿಂತ ನಮ್ಮಿಂದ ಕಸಿದುಕೊಳ್ಳುತ್ತಿರುವುದೇ ಹೆಚ್ಚು.

ಈ ಅಳತೆಗೋಲು ಕೀಟಗಳ ಬಗೆಗಿನ ಯಾವ ಅರಿವಿನಿಂದಲೂ ಹುಟ್ಟಿದ್ದಲ್ಲ. ಮಸೂರದ ಒಂದು ಕೊರತೆಯೊಡನೆ ನಡೆದ ಗುದ್ದಾಟದಿಂದ ಹುಟ್ಟಿದ್ದು. ಹುಳು ತನ್ನ ನಿಜಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದಾಗ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಚೂಪಾಗಿ ಕಾಣುವ ಆಳ ಸುಮಾರು 1.3 ಮಿಲಿಮೀಟರ್ ಮಾತ್ರ. ಐದು ಪಟ್ಟು ಹಿಗ್ಗಿಸಿದರೆ ಅದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ನೊಣದ ಕಣ್ಣು ಚೂಪಾದರೆ ಮೀಸೆ ಮಸುಕು, ಮೀಸೆ ಚೂಪಾದರೆ ಕಣ್ಣು ಮಸುಕು. ಅಪರ್ಚರನ್ನು ಇನ್ನೂ ಕಿರಿದಾಗಿಸಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮೆದುವಾಗುತ್ತದೆ. ನಿಜಗಾತ್ರದಲ್ಲಿ ಎಫ್ 16 ಎಂದು ಗುರುತಿಸಿದ್ದು ಎಫ್ 32ರಂತೆ ವರ್ತಿಸುತ್ತದೆ. ಇದಕ್ಕೆ ಸಿಕ್ಕ ಪರಿಹಾರವೇ ಫೋಕಸ್ ಸ್ಟ್ಯಾಕಿಂಗ್. ಫೋಕಸ್ಸನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ ಹತ್ತಾರು, ಕೆಲವೊಮ್ಮೆ ನೂರಾರು ಚಿತ್ರ ತೆಗೆದು, ಒಂದೊಂದರಿಂದಲೂ ಚೂಪಾದ ಪದರವನ್ನಷ್ಟೇ ಕಂಪ್ಯೂಟರು ಆಯ್ದು ಜೋಡಿಸುತ್ತದೆ. ಇದೊಂದು ಜಾಣ ವಿದ್ಯೆ, ಅದನ್ನು ಕಂಡುಹಿಡಿದವರ ಮೇಲೆ ನನ್ನ ದೂರಿಲ್ಲ. ಆದರೆ ಅದರದೊಂದು ಷರತ್ತಿದೆ: ಅಷ್ಟು ಚಿತ್ರ ತೆಗೆದು ಮುಗಿಯುವವರೆಗೆ ಹುಳು ಮೀಸೆ ಕೂಡ ಅಲ್ಲಾಡಿಸಬಾರದು. ಆರು ಕಾಲು, ಎರಡು ಮೀಸೆ, ಉಸಿರಿಗೆ ಉಬ್ಬಿ ಇಳಿಯುವ ಹೊಟ್ಟೆ ಇರುವ ಜೀವಿಗೆ ಇದು ಸಹಜವಾದ ಸ್ಥಿತಿಯಲ್ಲ. ತಂತ್ರವೊಂದು ಸಾಧ್ಯವಾಗಿಸಿದ್ದು ಕ್ರಮೇಣ ಎಲ್ಲರೂ ಮುಟ್ಟಲೇಬೇಕಾದ ಮಟ್ಟವಾಯಿತು. ಆಮೇಲೆ ಆ ಮಟ್ಟಕ್ಕೆ ತಕ್ಕಂತೆ ಹುಳುವೇ ಹೊಂದಿಕೊಳ್ಳಬೇಕಾಯಿತು.

ಹುಳುಗಳು ತಾವಾಗಿಯೇ ನಿಶ್ಚಲವಾಗಿರುವ ಹೊತ್ತೂ ಇದೆ ನಿಜ. ಅವುಗಳ ಮೈಬಿಸಿ ಸುತ್ತಲಿನ ಗಾಳಿಯನ್ನೇ ನೆಚ್ಚಿಕೊಂಡಿರುವುದರಿಂದ ಚಳಿಗಾಲದ ಬೆಳಗಿನ ಜಾವ ಹುಲ್ಲಿನ ತೆನೆಗೆ ಕಚ್ಚಿಕೊಂಡ ಏರೋಪ್ಲೇನ್ ಚಿಟ್ಟೆ ಬಿಸಿಲೇರುವವರೆಗೆ ಕದಲುವುದಿಲ್ಲ. ಆ ಹೊತ್ತಿಗೆ ಹೊಲದಲ್ಲಿ ಮೊಣಕಾಲೂರಿ ಕಾಯುವವರಿದ್ದಾರೆ. ಅವರ ಕೆಲಸದ ಬಗ್ಗೆ ಗೌರವವಲ್ಲದೆ ಬೇರೆ ಮಾತಿಲ್ಲ. ಆದರೆ ಸ್ಪರ್ಧೆಗಳ ಹಸಿವಿಗೆ ಬೆಳಗಿನ ಜಾವಗಳು ಸಾಲುವುದಿಲ್ಲ. ಹುಳುವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಹೊರತೆಗೆದು ಬೇಕಾದ ಹೂವಿನ ಮೇಲೆ ಬೇಕಾದ ಭಂಗಿಯಲ್ಲಿ ಕೂರಿಸುವುದು, ಮೇಲೆ ನೀರು ಚಿಮುಕಿಸಿ ಇಬ್ಬನಿ ಮಾಡುವುದು, ಕಾಲಿಗೆ ಅಂಟು ಹಚ್ಚುವುದು, ಕೊನೆಗೆ ಕೊಂದು ಸೂಜಿಗೆ ಸಿಕ್ಕಿಸಿ ತೆಗೆದು ಸೂಜಿಯನ್ನು ಕಂಪ್ಯೂಟರಿನಲ್ಲಿ ಅಳಿಸುವುದು, ಇವೆಲ್ಲ ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಫ್ರಿಜ್ಜಿನಿಂದ ಹುಳುವಿಗೇನೂ ಆಗುವುದಿಲ್ಲ, ಬಿಸಿಲಿಗೆ ಬಂದರೆ ಎದ್ದು ಹಾರುತ್ತದೆ ಎಂಬ ಸಮಾಧಾನ ಬಾಯಿಂದ ಬಾಯಿಗೆ ಸಾಗುತ್ತಿದೆ. ತಂಪಿನಿಂದ ಹುಳು ಮರಗಟ್ಟುವುದು ಎಂದರೆ ಅದರ ನರ ಮತ್ತು ಸ್ನಾಯುಗಳ ಲವಣ ಸಮತೋಲ ಕೆಟ್ಟು ಚಲನೆ ನಿಂತುಹೋಗುವುದು. ಸ್ವಲ್ಪ ಹೊತ್ತಾದರೆ ಚೇತರಿಸಿಕೊಳ್ಳುತ್ತದೆ, ಹೊತ್ತು ಮೀರಿದರೆ ಇಲ್ಲ. ಎಷ್ಟು ಹೊತ್ತು ಎಂಬುದು ಜಾತಿಯಿಂದ ಜಾತಿಗೆ ಬೇರೆ. ಆಗಷ್ಟೇ ಪೊರೆ ಕಳಚಿ ಬಂದ ಏರೋಪ್ಲೇನ್ ಚಿಟ್ಟೆಯ ಹಸಿ ರೆಕ್ಕೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಮುರುಟಿಕೊಂಡೇ ಗಟ್ಟಿಯಾಗುತ್ತದೆ, ಆ ಜೀವಿ ಮತ್ತೆ ನೆಟ್ಟಗೆ ಹಾರಲಾರದು.

ಹಿಂದಿನವರೂ ಇದನ್ನೇ ಮಾಡಿದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಿದ್ದಾರೆ. 1665ರಲ್ಲಿ ‘ಮೈಕ್ರೊಗ್ರಾಫಿಯಾ’ ಪ್ರಕಟಿಸಿದ ಇಂಗ್ಲೆಂಡಿನ ರಾಬರ್ಟ್ ಹುಕ್, ಇರುವೆಯ ಚಿತ್ರ ಬರೆಯಲು ಹೆಣಗಾಡಿದ. ಕಾಲನ್ನು ಮೇಣದಲ್ಲಿ ಹುದುಗಿಸಿದರೆ ಅದು ಮೈ ತಿರುಚುತ್ತಿತ್ತು, ಕೊಂದರೆ ಮೈ ಸುರುಟಿ ರೂಪ ಕೆಡುತ್ತಿತ್ತು. ಕೊನೆಗೆ ಬ್ರಾಂದಿಯಲ್ಲಿ ಮುಳುಗಿಸಿ ಮತ್ತೇರಿಸಿ ಚಿತ್ರ ಬರೆದ. ಸುಮಾರು ಒಂದು ಗಂಟೆಯ ನಂತರ ಇರುವೆ ಎಚ್ಚೆತ್ತು ಓಡಿಹೋಯಿತು. ಇದೆಲ್ಲ ನಮಗೆ ತಿಳಿದದ್ದು ಹೇಗೆಂದರೆ ಹುಕ್ ತನ್ನ ಪುಸ್ತಕದಲ್ಲೇ ಅದನ್ನು ಬರೆದಿಟ್ಟದ್ದರಿಂದ. ನಮ್ಮ ಕಾಲದಲ್ಲಿ ಬ್ರಿಟನ್ನಿನ ಲೆವನ್ ಬಿಸ್ 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದ ‘ಮೈಕ್ರೊಸ್ಕಲ್ಪ್‌ಚರ್’ ಚಿತ್ರಗಳಲ್ಲಿ ಒಂದೊಂದಕ್ಕೂ ಎಂಟು ಸಾವಿರದಷ್ಟು ಬಿಡಿಚಿತ್ರಗಳನ್ನು ಜೋಡಿಸಿದ್ದಾರೆ. ಕೆಲವು ಹುಳುಗಳು ಮೂರು ಮೀಟರ್ ಎತ್ತರಕ್ಕೆ ಹಿಗ್ಗಿವೆ. ಅವೆಲ್ಲ ಸಂಗ್ರಹಾಲಯದ ಪೆಟ್ಟಿಗೆಯಲ್ಲಿದ್ದ ಸತ್ತ ಮಾದರಿಗಳು ಎಂಬುದನ್ನು ಅವರು ಮುಚ್ಚಿಟ್ಟಿಲ್ಲ. ಕವಚದ ಕೆತ್ತನೆಯನ್ನು ತೋರಿಸುವುದೇ ಉದ್ದೇಶವಾದ್ದರಿಂದ ಮುಚ್ಚಿಡಬೇಕಾದ ಅಗತ್ಯವೂ ಇರಲಿಲ್ಲ. ಅಂಥ ಚಿತ್ರದ ಮೇಲೆ ನನ್ನ ಆಕ್ಷೇಪಣೆ ಇಲ್ಲ. ಸತ್ತದ್ದನ್ನು, ಮರಗಟ್ಟಿದ್ದನ್ನು ಹೂವಿನ ಮೇಲೆ ಕೂರಿಸಿ ‘ಮುಂಜಾನೆಯ ಅತಿಥಿ’ ಎಂಬ ಹೆಸರಿನಲ್ಲಿ ಬದುಕಿರುವುದಾಗಿ ತೋರಿಸುವುದರ ಮೇಲಿದೆ. ಬಿಸ್ ಅವರದು ಒಂದು ದೇಹದ ಬಗ್ಗೆ ನಿಜವಾದ ಹೇಳಿಕೆ. ಇದು ಒಂದು ಬದುಕಿನ ಬಗ್ಗೆ ಸುಳ್ಳು ಹೇಳಿಕೆ.

ಆದರೆ ಫ್ರಿಜ್ಜಿನ ಮಾತನ್ನೇ ಹಿಡಿದು ನಿಂತರೆ ಮುಖ್ಯ ವಿಷಯ ತಪ್ಪುತ್ತದೆ. ಯಾವ ಹುಳುವಿಗೂ ನೋವಾಗದಂತೆ, ಪೂರ್ತಿ ಪ್ರಾಮಾಣಿಕವಾಗಿ ತೆಗೆದ ಚಿತ್ರವೂ ಈ ಅಳತೆಗೋಲಿಗೆ ತಲೆಬಾಗಿದರೆ ಹುಳುವಿನ ವಿಷಯವನ್ನು ಕೈಬಿಡುತ್ತದೆ. ಕರಿಬೇವಿನ ಗಿಡವನ್ನೇ ತೆಗೆದುಕೊಳ್ಳಿ. ನಮ್ಮ ಹಿತ್ತಿಲ ಕರಿಬೇವು, ನಿಂಬೆ ಗಿಡಗಳ ಎಲೆಯ ಮೇಲೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಕಂದು ಮೈಯ ನಡುವೆ ಬಿಳಿಯ ಪಟ್ಟಿ ಹೊತ್ತು, ಎಲೆಯ ಮೇಲ್ಮೈಯಲ್ಲೇ ಬಯಲಾಗಿ, ಹಕ್ಕಿಯ ಹಿಕ್ಕೆಯಂತೆ ಬಿದ್ದಿರುತ್ತದೆ. ಹಕ್ಕಿಗೆ ತನ್ನದೇ ಹಿಕ್ಕೆಯ ಮೇಲೆ ಆಸೆಯಿಲ್ಲ. ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ ಅದು ಹಸಿರಾಗುತ್ತದೆ. ಅಷ್ಟು ದೊಡ್ಡ ಹಿಕ್ಕೆ ಇರುವುದಿಲ್ಲವಾದ್ದರಿಂದ ಇನ್ನು ಎಲೆಯೊಳಗೆ ಎಲೆಯಾಗುವುದೇ ಲೇಸು. ಆಗಲೂ ಯಾರಾದರೂ ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಘಾಟು ಬಿಡುತ್ತದೆ. ಈ ಮರಿಯನ್ನು ಕಿತ್ತು ಕಪ್ಪು ಹಿನ್ನೆಲೆಯ ಮುಂದಿಟ್ಟು ಚೌಕಟ್ಟು ತುಂಬುವಷ್ಟು ಹಿಗ್ಗಿಸಿದಾಗ ಸಿಗುವುದೇನು? ಸುಕ್ಕುಗಳು, ಮುಳ್ಳುಗಳು, ಹೊಳೆಯುವ ತೇವ, ಎಲ್ಲವೂ ಅದ್ಭುತ ವಿವರದಲ್ಲಿ. ಅದು ಹಿಕ್ಕೆಯಂತೆ ಕಾಣುವುದಿಲ್ಲ ಅಷ್ಟೇ. ಆ ಬಣ್ಣ, ಆ ಪಟ್ಟಿ, ಆ ಹೊಳಪು ಯಾತಕ್ಕಾಗಿ ಇವೆಯೋ ಅದೊಂದೇ ಚಿತ್ರದಲ್ಲಿ ಇಲ್ಲ. ಹಿಕ್ಕೆಯಾಗುವುದಕ್ಕೆ ಎಲೆ ಬೇಕು, ಎಲೆಯ ಮುಂದೆ ಅದರ ಸಣ್ಣತನ ಬೇಕು, ಹಕ್ಕಿ ನೋಡುವಷ್ಟು ದೂರವೂ ಬೇಕು. ಲಕ್ಷಾಂತರ ವರ್ಷ ಹಕ್ಕಿಗಳ ಕಣ್ಣು ಆರಿಸಿ ಉಳಿಸಿದ ವೇಷವನ್ನು ನಾವು ಹತ್ತಿರ ಹೋಗಿ ಕೆಡಿಸಿ, ಕೆಟ್ಟದ್ದನ್ನೇ ನಿಜರೂಪ ಎನ್ನುತ್ತಿದ್ದೇವೆ.

ಇದೇ ಚಿಟ್ಟೆಯ ಹೆಣ್ಣುಗಳದು ಇನ್ನೂ ಸೊಗಸಾದ ಕಥೆ. ಕೆಲವು ಹೆಣ್ಣುಗಳು ಗಂಡಿನಂತೆಯೇ ಇರುತ್ತವೆ. ಉಳಿದವು ಹಕ್ಕಿಗಳು ಬಾಯಿಗೆ ಹಾಕಲು ಹೇಸುವ ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಎಂಬ ವಿಷದ ಚಿಟ್ಟೆಗಳ ರೆಕ್ಕೆಯ ಬಣ್ಣ ತೊಟ್ಟು ಬಚಾವಾಗುತ್ತವೆ. ಈ ವೇಷಬದಲಾವಣೆಯನ್ನು ನಿಯಂತ್ರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ಅಸಲಿಯ ಮೈ ಕೆಂಪು, ವೇಷದ್ದರ ಮೈ ಕಪ್ಪು. ಒಂದು ಹತ್ತಿರದ ಚಿತ್ರ ಸಾಕು, ಗುಟ್ಟು ರಟ್ಟಾಗುತ್ತದೆ. ಆದರೆ ಈ ನಾಟಕ ನಡೆಯುವುದು ಹಾರಾಟದಲ್ಲಿ, ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕಾದ ಹಕ್ಕಿಯ ಮುಂದೆ, ಅಸಲಿಯ ಕಹಿಯನ್ನು ಒಮ್ಮೆ ಉಂಡು ನೆನಪಿಟ್ಟುಕೊಂಡ ಊರಿನಲ್ಲಿ. ಅಸಲಿ ಇಲ್ಲದ ಕಡೆ ನಕಲಿಗೆ ಬೆಲೆಯಿಲ್ಲ. ಎರಡೂ ಒಂದೇ ಲಂಟಾನ ಪೊದೆಯ ಸುತ್ತ ಹಾರುತ್ತಿರುವ, ಯಾವುದೂ ಅಷ್ಟು ಚೂಪಾಗಿಲ್ಲದ ಒಂದು ಚಿತ್ರ ಈ ಸಂಗತಿಯನ್ನು ಹೇಳಬಲ್ಲದು. ಆದರೆ ಅಂಥ ಚಿತ್ರ ಯಾವ ತೀರ್ಪುಗಾರರ ಮೊದಲ ಸುತ್ತನ್ನೂ ದಾಟುವುದು ಕಷ್ಟ.

ಮಲೆನಾಡಿನ, ಕರಾವಳಿಯ ಮಾವು-ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯ ಸುತ್ತ ಇನ್ನೂ ಬಲವಾದ ಸಾಕ್ಷ್ಯವಿದೆ. ಚಗಳಿಯನ್ನು ಹೋಲುವ ಎರಡು ಜೇಡಗಳು ಅದೇ ಮರದಲ್ಲಿ ಇರಬಹುದು. ಒಂದು ಜಿಗಿಯುವ ಜೇಡ, ಮಿರ್ಮಪ್ಲಾಟ. ತಲೆಯ ಇಕ್ಕೆಲದ ಕಪ್ಪು ಮಚ್ಚೆಗಳು ಇರುವೆಯ ಕಣ್ಣಿನಂತೆ, ಎತ್ತಿ ಆಡಿಸುವ ಮುಂಗಾಲುಗಳು ಮೀಸೆಯಂತೆ. ಇನ್ನೊಂದು ಏಡಿ ಜೇಡ, ಅಮಿಸಿಯ. ಇದರಲ್ಲಿ ಇರುವೆಯ ಕಣ್ಣಿನಂಥ ಮಚ್ಚೆಗಳಿರುವುದು ಹೊಟ್ಟೆಯ ಹಿಂಭಾಗದಲ್ಲಿ. ಮೊದಲನೆಯದು ಇರುವೆಯನ್ನು ಮುಟ್ಟುವುದಿಲ್ಲ, ಎದುರಾದರೆ ತಪ್ಪಿಸಿಕೊಳ್ಳುತ್ತದೆ. ಅದರ ವೇಷ ಇರುವೆಗೆ ಹೆದರುವ ಬೇರೆ ಬೇಟೆಗಾರರ ಕಣ್ಣು ತಪ್ಪಿಸಲು. ಎರಡನೆಯದು ಇರುವೆಯನ್ನೇ ಹಿಡಿದು ತಿನ್ನುತ್ತದೆ. ಒಂದೇ ಇರುವೆಯನ್ನು ಹೋಲುವ ಎರಡು ವೇಷಗಳು, ಒಂದಕ್ಕೊಂದು ತದ್ವಿರುದ್ಧವಾದ ಎರಡು ಕಾರಣಗಳು. ಚೌಕಟ್ಟು ತುಂಬಿದ ಎರಡು ಚೂಪು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಎಷ್ಟು ದಿಟ್ಟಿಸಿದರೂ ಇದು ತಿಳಿಯುವುದಿಲ್ಲ. ಎಂಟು ಕಾಲು ಎಣಿಸಬಹುದು, ಕಣ್ಣಿನ ಸಾಲು ನೋಡಬಹುದು, ಇದು ಜೇಡ ಎಂದು ಸಾರಬಹುದು. ಪಕ್ಕದಲ್ಲೊಂದು ಇರುವೆಯಿದ್ದು, ಜೇಡ ಅದರಿಂದ ದೂರ ಸರಿಯುತ್ತಿದೆಯೋ ಹತ್ತಿರ ಹೊಂಚುತ್ತಿದೆಯೋ ಎಂದು ತೋರಿಸುವ ಚಿತ್ರಕ್ಕೆ ಮಾತ್ರ ಇದನ್ನು ಹೇಳುವ ಶಕ್ತಿಯಿದೆ. ಆ ಚಿತ್ರದಲ್ಲಿ ಇರುವೆ ಮಸುಕಾಗಿರುತ್ತದೆ, ಎಲೆಯ ಅಂಚು ಅಡ್ಡ ಬಂದಿರುತ್ತದೆ. ಇವನ್ನು ದೋಷ ಎಂದು ಕಲಿಸಿದವರು ಯಾರು?

ಕಪ್ಪು ಹಿನ್ನೆಲೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅದನ್ನು ಬಹಳ ಜನ ಕಲಾವಿದನ ಆಯ್ಕೆ ಎಂದುಕೊಂಡಿದ್ದಾರೆ. ಅದು ಬಹುಪಾಲು ಫ್ಲಾಶಿನ ಫಲ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಫ್ಲಾಶಿನಿಂದ ಹುಳು 15 ಸೆಂಟಿಮೀಟರ್ ದೂರದಲ್ಲಿದ್ದು ಹಿಂದಿನ ಎಲೆ 60 ಸೆಂಟಿಮೀಟರ್ ದೂರದಲ್ಲಿದ್ದರೆ ಎಲೆಗೆ ತಲುಪುವುದು ಹದಿನಾರನೆಯ ಒಂದು ಪಾಲು ಬೆಳಕು. ಅಷ್ಟಕ್ಕೇ ಅದು ಕತ್ತಲಲ್ಲಿ ಮುಳುಗುತ್ತದೆ. ಹೀಗೆ ಮಟಮಟ ಮಧ್ಯಾಹ್ನ ಬಿಸಿಲು ಕಾಯುವ ಏರೋಪ್ಲೇನ್ ಚಿಟ್ಟೆಯೂ ನಡುರಾತ್ರಿಯಲ್ಲಿ ಹೊರಟ ಪತಂಗವೂ ಒಂದೇ ಇರುಳಿನಲ್ಲಿ ನಿಲ್ಲುತ್ತವೆ. ಕೀಟಲೋಕದಲ್ಲಿ ಹಗಲು-ಇರುಳಿನ ಭೇದ ಸಣ್ಣದಲ್ಲ. ಯಾರು ಯಾರನ್ನು ತಿನ್ನುತ್ತಾರೆ, ಯಾವ ಹೂವಿಗೆ ಯಾರು ಬರುತ್ತಾರೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಋತುವೂ ಹಾಗೆಯೇ. ಭತ್ತದ ಗದ್ದೆಯ ಹುಲ್ಲಿನಲ್ಲಿ ಬೆಳೆಯುವ ಈವ್ನಿಂಗ್ ಬ್ರೌನ್ ಚಿಟ್ಟೆ ಮಳೆಗಾಲದಲ್ಲಿ ರೆಕ್ಕೆಯಡಿ ಕಣ್ಣಿನ ಮಚ್ಚೆಗಳನ್ನು ಹೊತ್ತು ಹುಟ್ಟುತ್ತದೆ, ಬೇಸಿಗೆಯಲ್ಲಿ ಒಣ ತರಗೆಲೆಯಂತೆ ಹುಟ್ಟುತ್ತದೆ. ತಿಂಗಳು, ಜಾಗ, ಸುತ್ತಲ ತರಗೆಲೆ ಏನೊಂದೂ ಇಲ್ಲದೆ ಎರಡನ್ನೂ ನೋಡಿದವರು ಎರಡು ಬೇರೆ ಚಿಟ್ಟೆಗಳು ಎಂದುಕೊಂಡರೆ ತಪ್ಪು ಅವರದಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಅಧ್ಯಯನ ಮಾಡಿದ ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜ, ಹತ್ತಿರವೇ ನಿಜ ಎನ್ನುವವರಿಗೆ ಅತ್ಯುತ್ತಮ ಉತ್ತರ. ಈ ಕಣಜದಲ್ಲಿ ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಿನಲ್ಲಿ ಭೇದವಿಲ್ಲ. ಸಾವಿರ ಚಿತ್ರ ಜೋಡಿಸಿದರೂ ಯಾವುದು ರಾಣಿ ಎಂದು ಹೇಳಲಾಗದು. ಅವರು ಮಾಡಿದ್ದೇನೆಂದರೆ ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು, ಗೂಡಿನ ಮುಂದೆ ಕೂತು ಯಾರು ಯಾರೊಡನೆ ಹೇಗೆ ವರ್ತಿಸುತ್ತಾರೆ ಎಂದು ಬರೆದುಕೊಂಡದ್ದು. ರಾಣಿ ಜಗಳಗಂಟಿಯಲ್ಲ, ಗೂಡಿನ ಅತ್ಯಂತ ಸಾಧು ಜೀವಿಗಳಲ್ಲೊಂದು, ಅವಳು ಆಳುವುದು ವಾಸನೆಯ ಮೂಲಕ ಎಂಬುದೆಲ್ಲ ಹೊರಬಂದದ್ದು ಹೀಗೆ. ಚುಕ್ಕೆ ಹೊತ್ತ ಆ ಕಣಜಗಳ ಒಂದು ಸಾದಾ ಚಿತ್ರ ಯಾವ ಗೋಡೆಯನ್ನೂ ಅಲಂಕರಿಸಲಿಕ್ಕಿಲ್ಲ, ಆದರೆ ಆ ಚಿತ್ರದಲ್ಲಿ ಒಂದು ಸಮಾಜವೇ ಇದೆ.

ಇನ್ನು ಎದುರುವಾದಗಳಿಗೆ ಬರೋಣ. ಅವುಗಳಲ್ಲಿ ಒಂದು ಗಟ್ಟಿಯಾದದ್ದು. ವಿವರವಿಲ್ಲದೆ ವಿಜ್ಞಾನವಿಲ್ಲ, ಹುಳುಗಳ ಜಾತಿ ಗುರುತಿಸಲು ರೆಕ್ಕೆಯ ನರ, ಕಾಲಿನ ಮುಳ್ಳು, ಮೀಸೆಯ ಗೆಣ್ಣು ಕಾಣಲೇಬೇಕು ಎಂಬುದು ಆ ವಾದ. ಇದನ್ನು ಪೂರ್ತಿ ಒಪ್ಪುತ್ತೇನೆ, ಒಂದು ಹೆಜ್ಜೆ ಮುಂದೆ ಹೋಗಿಯೂ ಒಪ್ಪುತ್ತೇನೆ. ದನಗಳ ರಕ್ತ ಹೀರುವ ದೊಡ್ಡ ನೊಣಗಳ ಕಣ್ಣಿನ ಹಸಿರು-ನೇರಳೆ ಪಟ್ಟೆಗಳು ಸತ್ತ ಮೇಲೆ ಮಾಸಿಹೋಗುತ್ತವೆ. ಪೆಟ್ಟಿಗೆಯ ಮಾದರಿ ಕಳೆದುಕೊಂಡದ್ದನ್ನು ಬದುಕಿರುವ ನೊಣದ ಹತ್ತಿರದ ಚಿತ್ರ ಉಳಿಸುತ್ತದೆ. ಆದರೆ ಪಾಸ್‌ಪೋರ್ಟ್ ಫೋಟೊದಿಂದ ಮನುಷ್ಯನನ್ನು ಗುರುತು ಹಿಡಿಯಬಹುದೇ ಹೊರತು ಅವನ ಬಾಳನ್ನು ತಿಳಿಯಲಾಗದು. ಗುರುತಿಗಾದರೂ ಚೂಪು ಮಾತ್ರ ಸಾಕೇ ಎಂಬುದನ್ನು ನೋಡಬೇಕು. 2012ರಲ್ಲಿ ‘ಸೆಮಕ್ರೈಸ ಜೇಡ್’ ಎಂಬ ಹೊಸ ಜಾತಿಯ ಹಸಿರು ಬಲೆರೆಕ್ಕೆ ಕೀಟಕ್ಕೆ ಹೆಸರಿಟ್ಟದ್ದು ಅಂತರ್ಜಾಲದಲ್ಲಿ ಹವ್ಯಾಸಿಯೊಬ್ಬರು ಹಾಕಿದ ಚಿತ್ರದಿಂದಾಗಿ. ಕೀಟತಜ್ಞರೊಬ್ಬರ ಕಣ್ಣಿಗೆ ಅದು ಆಕಸ್ಮಿಕವಾಗಿ ಬಿತ್ತು, ರೆಕ್ಕೆಯ ಗುರುತು ಅವರಿಗೆ ಹೊಸದೆನಿಸಿತು. ಆದರೆ ಚಿತ್ರದಿಂದಷ್ಟೇ ಜಾತಿ ಸ್ಥಾಪನೆಯಾಗಲಿಲ್ಲ. ತೆಗೆದವರಿಗೆ ಜಾಗ ಗೊತ್ತಿತ್ತು. ಮಲೇಷ್ಯಾದ ಅದೇ ಕಾಡಿಗೆ ಹೋಗಿ ಮಾದರಿಯನ್ನು ಹಿಡಿದುತಂದ ಮೇಲೆಯೇ ಕೆಲಸ ಮುಗಿದದ್ದು. ಐನ್ಯಾಚುರಲಿಸ್ಟ್‌ ಜಾಲತಾಣದಲ್ಲಿ ಚಿತ್ರಕ್ಕೆ ಸಂಶೋಧನೆಯ ದರ್ಜೆ ಸಿಗಬೇಕಾದರೆ ದಿನಾಂಕ ಮತ್ತು ಜಾಗ ಇರಲೇಬೇಕು. ಸ್ಪರ್ಧೆಯ ಗೋಡೆಯಲ್ಲಿ ಇವೆರಡೂ ಇರುವುದಿಲ್ಲ. ವಿಜ್ಞಾನದ ಹೆಸರು ಹೇಳಿ ಚೂಪನ್ನು ಸಮರ್ಥಿಸುವವರು ವಿಜ್ಞಾನ ಮೊದಲು ಕೇಳುವ ಪ್ರಶ್ನೆಗೇ ಉತ್ತರ ಇಟ್ಟುಕೊಂಡಿಲ್ಲ.

ಎರಡನೆಯ ವಾದ ಹೃದಯಕ್ಕೆ ಸಂಬಂಧಿಸಿದ್ದು. ಹುಳು ಎಂದರೆ ಹೊಸಕಿಹಾಕುವ ಜನಕ್ಕೆ ಅದರ ಮುಖ ತೋರಿಸಿದರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಮಾಡಿದರೆ ಪ್ರೀತಿ ಹುಟ್ಟುತ್ತದೆ, ಪ್ರೀತಿಯಿಂದ ಉಳಿವು ಬರುತ್ತದೆ ಎನ್ನುತ್ತಾರೆ. ಬೆರಗು ಹುಟ್ಟುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಯಾವುದರ ಬಗ್ಗೆ ಎಂದು ಕೇಳಬೇಕಾಗಿದೆ. ಕಪ್ಪು ಹಿನ್ನೆಲೆಯ ಸೂರ್ಯನ ಕುದುರೆಯನ್ನು ನೋಡಿದವರು ಇದು ಬೇರೆ ಗ್ರಹದ ಜೀವಿಯಂತಿದೆ ಎಂದು ಉದ್ಗರಿಸುವುದನ್ನು ಎಲ್ಲೆಡೆ ಕೇಳುತ್ತೇವೆ. ಹೊಗಳಿಕೆಯೆಂದು ಹೇಳುವ ಈ ಮಾತೇ ಸೋಲಿನ ಒಪ್ಪಿಗೆ. ನಮ್ಮ ಬದುವಿನ ಪೊದೆಯಲ್ಲಿ ಇರುವ ಪ್ರಾಣಿಯನ್ನು ಬೇರೆ ಗ್ರಹಕ್ಕೆ ಕಳಿಸಿದ ಮೇಲೆ ಆ ಪೊದೆಯನ್ನು ಉಳಿಸಬೇಕು ಎಂಬ ಯೋಚನೆ ಯಾರಿಗೆ ಬಂದೀತು? ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಉಳಿಯುವುದು ಅದರ ಮರಿ ತಿನ್ನುವ ಈಶ್ವರಬಳ್ಳಿ ಉಳಿದರೆ. ಬಳ್ಳಿ ಯಾರ ಚಿತ್ರದಲ್ಲೂ ಇಲ್ಲದಿದ್ದರೆ ಬೇಲಿ ಸವರುವವನಿಗೆ ಅದು ಬರೀ ಕಳೆ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದಾಗ ಜಗತ್ತೇ ಬೆಚ್ಚಿತು. ಆ ಸತ್ಯ ಸಿಕ್ಕಿದ್ದು ಒಂದೇ ಬಗೆಯ ಬಲೆಯನ್ನು 63 ಕಡೆ ಕಟ್ಟಿ, ಜಾಗ ಮತ್ತು ದಿನ ಬರೆದಿಟ್ಟು, ಬಿದ್ದ ಹುಳುಗಳನ್ನು ತೂಗಿದ್ದರಿಂದ. ಅಲ್ಲೂ ಹುಳುಗಳು ಸತ್ತವು. ಸತ್ತವು ಎಂದು ಹೇಳಿದ್ದಾರೆ, ಯಾಕೆಂದೂ ಹೇಳಿದ್ದಾರೆ. ಹಾಗಾಗಿ ಬೀದಿದೀಪಕ್ಕೆ, ಕೀಟನಾಶಕಕ್ಕೆ ಕೋಟಿಗಟ್ಟಲೆ ಸಾಯುವಾಗ ಛಾಯಾಗ್ರಾಹಕ ಕೆಡಿಸುವ ನಾಲ್ಕು ಹುಳುಗಳ ಲೆಕ್ಕವೇಕೆ ಎಂಬ ಪ್ರಶ್ನೆ ನನ್ನ ವಾದಕ್ಕೆ ತಾಗುವುದಿಲ್ಲ. ನಾನು ಸತ್ತ ಹುಳುಗಳನ್ನು ಎಣಿಸುತ್ತಿಲ್ಲ. ನೋಡುಗರಿಗೆ ಏನನ್ನು ನಿಜವೆಂದು ಕೊಡುತ್ತಿದ್ದೇವೆ ಎಂದು ಕೇಳುತ್ತಿದ್ದೇನೆ.

ಇದು ಕಲೆ, ಕಲೆಗೆ ನಿಯಮ ಹೇಳಬೇಡಿ ಎನ್ನುವವರು ಉಳಿದರು. ಕಲೆಯ ವಿಭಾಗದಲ್ಲಿ ಅವರು ಏನು ಬೇಕಾದರೂ ಮಾಡಲಿ. ಆದರೆ ನಿಸರ್ಗ ವಿಭಾಗಕ್ಕೆ ಚಿತ್ರ ಕಳಿಸಿದ ಮೇಲೆ ಆ ವಿಭಾಗದ ಮಾತಿಗೆ ಬದ್ಧರಾಗಬೇಕು. ಆ ಮಾತು ನಾನು ಹೊಸದಾಗಿ ಕಟ್ಟಿದ್ದಲ್ಲ. ನಮ್ಮ ಸಲೋನ್‌ಗಳು ಮಾನ್ಯತೆ ಪಡೆಯುವ ಫಿಯಾಪ್, ಅಮೆರಿಕದ ಪಿಎಸ್ಎ, ಬ್ರಿಟನ್ನಿನ ಆರ್‌ಪಿಎಸ್ ಈ ಮೂರೂ ಛಾಯಾಗ್ರಹಣ ಸಂಸ್ಥೆಗಳು ಒಟ್ಟಾಗಿ ಒಪ್ಪಿ 2015ರಲ್ಲಿ ಜಾರಿಗೆ ತಂದ ವ್ಯಾಖ್ಯೆಯಲ್ಲಿ, ಚಿತ್ರ ಹೇಳುವ ನಿಸರ್ಗದ ಕಥೆಗೆ ಅದರ ಅಂದಕ್ಕಿಂತ ಹೆಚ್ಚು ತೂಕ ಕೊಡಬೇಕು ಎಂದಿದೆ. ಕಾಪಿಟ್ಟ ಮೃತ ಮಾದರಿಗಳ ಚಿತ್ರ ಸಲ್ಲದು ಎಂದೂ ಇದೆ. ಫೋಕಸ್ ಸ್ಟ್ಯಾಕಿಂಗಿಗೆ ಅವಕಾಶವಿದೆ, ಕಥೆ ಬದಲಾಗದಿದ್ದರೆ ಎಂಬ ಷರತ್ತಿನೊಡನೆ. ಈ ನಿಯಮ ಕಾಗದದಲ್ಲಿ ಸರಿಯಾಗಿಯೇ ಇದೆ. ತೀರ್ಪಿನ ಕೋಣೆಯಲ್ಲಿ ಚಿತ್ರವೊಂದು ತೆರೆಯ ಮೇಲೆ ಕೆಲವೇ ಸೆಕೆಂಡು ನಿಲ್ಲುವಾಗ ಕಣ್ಣಿಗೆ ಹೊಡೆಯುವುದು ಚೂಪು ಮತ್ತು ಗಾತ್ರ. ಕಥೆ ಓದಿಕೊಳ್ಳಲು ಹೊತ್ತು ಬೇಕು, ಹುಳುವಿನ ಬಗ್ಗೆ ತಿಳಿವಳಿಕೆಯೂ ಬೇಕು. ನಿಯಮ ಸೋಲುತ್ತಿರುವುದು ಅಲ್ಲಿ.

ಹತ್ತಿರದಿಂದ ನೋಡುವುದಕ್ಕೂ ನೆಲೆಯನ್ನು ಉಳಿಸಿಕೊಳ್ಳುವುದಕ್ಕೂ ಹಗೆತನವಿಲ್ಲ ಎಂಬುದನ್ನು ಮೂರು ಶತಮಾನದ ಹಿಂದೆಯೇ ಒಬ್ಬ ಹೆಂಗಸು ತೋರಿಸಿಕೊಟ್ಟಿದ್ದಾಳೆ. ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲಾ ಮೆರಿಯನ್ 1699ರಲ್ಲಿ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗೇರಿದಳು. 1705ರಲ್ಲಿ ಪ್ರಕಟಿಸಿದ 60 ಚಿತ್ರಫಲಕಗಳಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಆ ಹುಳು ತಿನ್ನುವ ಗಿಡದ ಮೇಲೆಯೇ ಬರೆದಳು. ಅವಳ ಕಾಲದ ಉಳಿದವರು ಹುಳುಗಳನ್ನು ಬಿಳಿಯ ಹಾಳೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಅವಳ ಫಲಕಗಳಲ್ಲಿ ತಪ್ಪುಗಳಿವೆ, ಕೆಲವೆಡೆ ಗಿಡ ಹೊಂದುವುದಿಲ್ಲ. ಆದರೆ ಗಿಡವಿರುವುದರಿಂದಲೇ ತಪ್ಪನ್ನು ಹಿಡಿಯಲು ಸಾಧ್ಯವಾಯಿತು. ಖಾಲಿ ಹಿನ್ನೆಲೆಯ ಚಿತ್ರ ಅಂಥ ಯಾವ ತಪ್ಪನ್ನೂ ಮಾಡುವುದಿಲ್ಲ, ಏಕೆಂದರೆ ಅದು ಆ ವಿಷಯದಲ್ಲಿ ಏನನ್ನೂ ಹೇಳುವುದೇ ಇಲ್ಲ.

ಆದ್ದರಿಂದ ನಮ್ಮ ಕ್ಲಬ್ಬುಗಳು, ಸಲೋನ್‌ಗಳು, ಪತ್ರಿಕೆಗಳ ಸಂಪಾದಕರು ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ಕೀಟದ ಪ್ರತಿ ಚಿತ್ರದ ಜೊತೆ ತಾಲ್ಲೂಕು, ತಿಂಗಳು, ಹೊತ್ತು, ಗಿಡ ಇಷ್ಟನ್ನು ಕೇಳಬೇಕು. ಗಿಡ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಲಿ. ಹುಳುವನ್ನು ಹಿಡಿದದ್ದೋ, ತಂಪಿಗಿಟ್ಟದ್ದೋ, ಸಾಕಿದ್ದೋ, ಸತ್ತದ್ದೋ ಎಂಬ ಸಾಲು ಕಡ್ಡಾಯವಾಗಬೇಕು. ಸ್ಟ್ಯಾಕ್ ಮಾಡಿದ ಚಿತ್ರವಾದರೆ ಮೂಲ ಚಿತ್ರಗಳನ್ನೂ ತರಿಸಿಕೊಂಡು ನೋಡಬೇಕು. ಒಂದೇ ಚಿತ್ರಕ್ಕೆ ಬಹುಮಾನ ಕೊಡುವ ಬದಲು ಒಂದು ಜೀವಿಯ ಮೂರು ಚಿತ್ರಗಳನ್ನು ಒಟ್ಟಿಗೆ ಕೇಳಬಹುದು: ಮೂರು ಮಾರು ದೂರದಿಂದ ಗಿಡದೊಡನೆ ಒಂದು, ಅದು ಏನನ್ನಾದರೂ ಮಾಡುತ್ತಿರುವಾಗ ಒಂದು, ಆಮೇಲೆ ಬೇಕಿದ್ದಷ್ಟು ಹತ್ತಿರದಿಂದ ಒಂದು. ತೀರ್ಪುಗಾರರ ಪೈಕಿ ಒಬ್ಬರಾದರೂ ಕೀಟ ಬಲ್ಲವರಾಗಿರಬೇಕು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋವೂ ಇರುವಾಗ, ಅಂಥವರು ಸಿಗುವುದಿಲ್ಲ ಎಂಬ ನೆವ ನಿಲ್ಲುವುದಿಲ್ಲ.